ಅನ್ವೇಷಣಾ ಕಲಿಕೆ ಎಂದರೆ ಶಿಕ್ಷಕರು ಬಾಯಿ ಬಿಡಬಾರದೇ?

ಪ್ರಶ್ನೆ: ವಿಜ್ಞಾನವನ್ನು ಅನ್ವೇಷಣಾ ವಿಧಾನದಲ್ಲಿ ಕಲಿಸುವಾಗ ಏನನ್ನೂ ಹೇಳಿಕೊಡಬಾರದು, ಮಕ್ಕಳೇ ಎಲ್ಲ ಕಂಡುಕೊಳ್ಳಬೇಕು ಎನ್ನುತ್ತಾರೆ. ಇದು ಸಾಧ್ಯವೇ?

ಉತ್ತರ: ಸಾಧ್ಯವಿಲ್ಲ, ಹಾಗೆ ಮಾಡಬೇಕಾಗಿಯೂ ಇಲ್ಲ. ಎಷ್ಟು ಸಲ ಉತ್ತರ ಕೊಟ್ಟರೂ ಈ ಪ್ರಶ್ನೆ ವೇಷ ಬದಲಿಸಿ ಮತ್ತೆ ಬರುತ್ತದೆ. ಈ ಸಲ ಲೋಲಕವನ್ನೇ, ಅಂದರೆ ದಾರಕ್ಕೆ ಕಟ್ಟಿ ತೂಗಾಡಿಸುವ ಭಾರವನ್ನೇ, ಮುಂದಿಟ್ಟುಕೊಂಡು ನೋಡೋಣ.

ದಾರ, ಒಂದೇ ಅಳತೆಯ ನಾಲ್ಕು ವಾಷರ್, ಸ್ಟಾಪ್‌ವಾಚ್ ಕೊಟ್ಟು, 'ಭಾರ ಹೆಚ್ಚಾದರೆ ತೂಗಾಟ ನಿಧಾನವಾಗುತ್ತದೆಯೇ?' ಎಂದು ಕೇಳಿ ಸುಮ್ಮನಿದ್ದುಬಿಡಿ. 'ಹೌದು, ನಿಧಾನವಾಗುತ್ತದೆ' ಎಂದು ಬರೆದು ತರುವ ಗುಂಪು ಇದ್ದೇ ಇರುತ್ತದೆ. ಮಕ್ಕಳು ಸುಳ್ಳು ಬರೆದಿರುವುದಿಲ್ಲ, ವಾಷರ್‌ಗಳನ್ನು ಒಂದರ ಕೆಳಗೊಂದು ಕಟ್ಟಿರುತ್ತಾರೆ. ಭಾರದ ಜೊತೆಗೆ ಉದ್ದವೂ ಬೆಳೆದಿರುತ್ತದೆ. 25 ಸೆಂ.ಮೀ. ಲೋಲಕ 10 ಸಲ ತೂಗಲು (ಹೋಗಿ ಬಂದರೆ ಒಂದು) 10 ಸೆಕೆಂಡ್ ಬೇಕು. 3 ಸೆಂ.ಮೀ. ಅಗಲದ ವಾಷರ್ ನಾಲ್ಕನ್ನು ಸರಪಳಿಯಂತೆ ಇಳಿಬಿಟ್ಟರೆ ಅದು 11ರ ಹತ್ತಿರ ಹೋಗುತ್ತದೆ. ಇನ್ನೊಂದು ಗುಂಪು ಬಿಟ್ಟ ಕ್ಷಣವೇ 'ಒಂದು' ಎಂದು ಎಣಿಸಿ 9 ಸೆಕೆಂಡ್ ತರುತ್ತದೆ. ಮತ್ತೊಂದು, 60 ಡಿಗ್ರಿಯವರೆಗೆ ಎಳೆದುಬಿಟ್ಟು 10.7 ತರುತ್ತದೆ. ಈ ಮೂರು ಅಂಕಿಗಳಿಂದ ಯಾವ ಮಗು ಏನನ್ನು ಕಂಡುಕೊಳ್ಳಬೇಕು, ಹೇಳಿ?

ಆದ್ದರಿಂದ ಬಾಯಿ ಬಿಟ್ಟು ಹೇಳಿ: ವಾಷರ್‌ಗಳನ್ನೆಲ್ಲ ಒಂದೇ ಕೊಕ್ಕೆಗೆ ಪಕ್ಕಪಕ್ಕ ಹಾಕಿ. ಉದ್ದವನ್ನು ವಾಷರ್‌ನ ನಡುವಿನವರೆಗೆ ಅಳೆಯಿರಿ. 10-15 ಡಿಗ್ರಿಗಿಂತ ಹೆಚ್ಚು ಎಳೆಯಬೇಡಿ. ಬಿಡುವಾಗ 'ಸೊನ್ನೆ' ಎನ್ನಿ. 10 ತೂಗಾಟಕ್ಕೆ ಹಿಡಿದ ಸಮಯವನ್ನು 10ರಿಂದ ಭಾಗಿಸಿ, ಮೂರು ಸಲ ಮಾಡಿ. ಇದೆಲ್ಲ ಉಪಕರಣ ಹಿಡಿಯುವ ಪಾಠ, ಉತ್ತರವಲ್ಲ. ಬಚ್ಚಿಡಬೇಕಾದ್ದು ಒಂದೇ ವಾಕ್ಯ: ಭಾರಕ್ಕೂ ತೂಗಾಟದ ಕಾಲಕ್ಕೂ ಸಂಬಂಧವಿಲ್ಲ ಎನ್ನುವುದು. ಎಲ್ಲ ಗುಂಪಿನ ಅಂಕಿಗಳೂ ಬೋರ್ಡಿನ ಮೇಲೆ ಬಂದಮೇಲೆ ಅದನ್ನೂ ಬಿಡಿಸಿ ಹೇಳಬಹುದು, ಹೇಳಲೇಬೇಕು. ಆಮೇಲೆ ದಾರವನ್ನು 100 ಸೆಂ.ಮೀ.ಗೆ ಏರಿಸಿ. ಉದ್ದ ನಾಲ್ಕು ಪಟ್ಟಾದರೆ ಸಮಯವೂ 40 ಸೆಕೆಂಡ್ ಎಂದು ಕಾದವರಿಗೆ 20 ಸಿಗುತ್ತದೆ. ಆಗ ಹುಟ್ಟುವ ಪ್ರಶ್ನೆಯನ್ನು ನೀವು ಹೇಳಿಕೊಡಬೇಕಾಗಿಲ್ಲ.

ಮಾರ್ಗದರ್ಶನವಿಲ್ಲದ ಬೋಧನೆಯನ್ನು 2006ರಲ್ಲಿ ಶಿಕ್ಷಣ ಸಂಶೋಧಕರಾದ ಕಿರ್ಷ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ ಟೀಕಿಸಿದ್ದನ್ನೇ ಹಿಡಿದು ಅನ್ವೇಷಣಾ ಕಲಿಕೆಯನ್ನು ತಳ್ಳಿಹಾಕುವವರಿದ್ದಾರೆ. ಒಳ್ಳೆಯ ಅನ್ವೇಷಣೆಯಲ್ಲಿ ಆಸರೆ ಧಾರಾಳವಾಗಿಯೇ ಇರುತ್ತದೆ ಎಂದು 2007ರಲ್ಲಿ ಹ್ಮೆಲೊ-ಸಿಲ್ವರ್ ಮತ್ತು ಜೊತೆಗಾರರು ಕೊಟ್ಟ ಉತ್ತರವನ್ನು ಓದುವ ವ್ಯವಧಾನ ಮಾತ್ರ ಅವರಿಗಿಲ್ಲ.

ಯಾರೂ ಕೇಳದಿದ್ದರೂ ಅಂಕಗಳ ಬಗ್ಗೆ ಒಂದು ಮಾತು. ಪ್ರಯೋಗಕ್ಕೆ ಮುಂಚೆ ತಮ್ಮ ಊಹೆಯನ್ನು ಮಕ್ಕಳು ಪೆನ್ನಿನಲ್ಲೇ ಬರೆಯಲಿ. ಊಹೆ ತಪ್ಪಿದ್ದಕ್ಕೆ ಅಂಕ ಕಳೆಯಬೇಡಿ, ಕಳೆದರೆ ಮುಂದಿನ ಸಲ ಎಲ್ಲರೂ ಪುಸ್ತಕದ ಉತ್ತರವನ್ನೇ ಊಹೆ ಎಂದು ಬರೆಯುತ್ತಾರೆ. ಇನ್ನು 25 ಸೆಂ.ಮೀ. ಲೋಲಕದ 10 ತೂಗಾಟಕ್ಕೆ ಮೂರು ಸಲದ ಸಮಯ 9.9, 10.2, 10.0 ಎಂದಿದ್ದರೆ ನಿಶ್ಚಿಂತೆಯಿಂದ ಅಂಕ ಕೊಡಿ. ಕೈಯಲ್ಲಿ ಒತ್ತಿದ ಸ್ಟಾಪ್‌ವಾಚ್ ಅಷ್ಟು ಆಚೀಚೆ ಆಗಿಯೇ ಆಗುತ್ತದೆ. ಮೂರು ಸಲವೂ 10.00 ಎಂದಿದ್ದರೆ, ಆ ಗುಂಪನ್ನು ಕರೆದು ಇನ್ನೊಮ್ಮೆ ನಿಮ್ಮೆದುರೇ ತೂಗಿಸಲು ಹೇಳಿ.