ಹಾರಿದ ಮರಿಯೇ ಲೆಕ್ಕ: ಕೆರೆದಂಡೆಯ ಹಕ್ಕಿಗಳ ಸಂತಾನ ಮತ್ತು ಪಾಲನೆ

ಕಡಲಿಲ್ಲದ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕುಳಿತು ದಡದ ಹಕ್ಕಿಗಳನ್ನು ಅಭ್ಯಾಸ ಮಾಡುವುದು ಹೇಗೆಂದು ಕೆಲವರು ಕೇಳುತ್ತಾರೆ. ಟಿಟ್ಟಿಭ, ನೀರೆಲೆಗಳ ಮೇಲೆ ನಡೆಯುವ ದೇವನಕ್ಕಿ (ಜಕಾನ), ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗಳೆಲ್ಲ ಈ ಗುಂಪಿಗೇ ಸೇರಿದವು, ಇವಕ್ಕೆ ನಮ್ಮ ಕೆರೆಯ ಅಂಗಳವೇ ಸಾಕು. ಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುವ ರೀವ ಹಕ್ಕಿ (ರಿವರ್ ಟರ್ನ್) ಇವುಗಳ ಹತ್ತಿರದ ಬಂಧು. ಈ ಟಿಪ್ಪಣಿಯಲ್ಲಿ ಎರಡು ಪ್ರಶ್ನೆಗಳನ್ನು ಬಿಡಿಸಲು ಯತ್ನಿಸಿದ್ದೇನೆ: ಸಂತಾನ ಯಶಸ್ಸನ್ನು ಅಳೆಯುವುದು ಹೇಗೆ, ಮತ್ತು ಮರಿಗಳ ಹೊಣೆ ಒಂದು ಜಾತಿಯಲ್ಲಿ ಇಬ್ಬರದಾಗಿಯೂ ಇನ್ನೊಂದರಲ್ಲಿ ಒಬ್ಬರದಾಗಿಯೂ ಇರುವುದು ಏಕೆ.

ಮೊದಲು ಗೂಡನ್ನು ನೋಡೋಣ. ಕಳೆದ ಮೇ ತಿಂಗಳಲ್ಲಿ ಹಳೇಬೀಡಿನ ಸಮೀಪ, ಆಲೂಗಡ್ಡೆ ಬಿತ್ತನೆಗೆಂದು ಇನ್ನೂ ಉಳದೆ ಬಿಟ್ಟಿದ್ದ ಹೊಲವೊಂದರಲ್ಲಿ ಕೆಂಪು ಟಿಟ್ಟಿಭದ ಜೋಡಿಯೊಂದು ನನ್ನ ತಲೆಯ ಮೇಲೆಯೇ ಸುತ್ತುತ್ತ ಅರಚುತ್ತಿತ್ತು. ಅದು ಕೂಗುವ ಜಾಗದಲ್ಲೇ ಅರ್ಧ ಗಂಟೆ ಹುಡುಕಿದೆ. ಬದುವಿನ ಮೇಲೆ ಕುಳಿತು ನೋಡುತ್ತಿದ್ದ ಹೊಲದ ಯಜಮಾನರು, "ಅದು ಕೂಗೋ ಕಡೆ ಹುಡುಕಿದ್ರೆ ಸಿಗಲ್ಲ ಕಣ್ರೀ, ಸದ್ದಿಲ್ದೆ ನಡ್ಕೊಂಡು ಹೋಗೋ ಕಡೆ ನೋಡಿ" ಎಂದರು. ದೂರ ಸರಿದು ಬೇಲಿಯ ಮರೆಯಲ್ಲಿ ಕುಳಿತ ಮೇಲೆ ಹೆಣ್ಣೋ ಗಂಡೋ, ಒಂದು ಹಕ್ಕಿ ತಲೆ ತಗ್ಗಿಸಿಕೊಂಡು ನಡೆದು ಬಂದು ಕುಳಿತೇಬಿಟ್ಟಿತು. ಗೂಡೆಂದರೆ ಅಂಗೈಯಗಲದ ತಗ್ಗು, ಅದರ ಸುತ್ತ ಸಣ್ಣ ಕಲ್ಲು ಮತ್ತು ಒಣಗಿದ ಕುರಿಹಿಕ್ಕೆ. ಒಳಗೆ ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಯ ನಾಲ್ಕು ಮೊಟ್ಟೆಗಳು, ಚೂಪು ತುದಿಗಳೆಲ್ಲ ನಡುವಿಗೆ ಮುಖ ಮಾಡಿ ಒತ್ತಾಗಿ ಕೂಡಿಕೊಂಡಿದ್ದವು. ಈ ಗುಂಪಿನ ಬಹುತೇಕ ಹಕ್ಕಿಗಳು ಒಂದು ಸಲಕ್ಕೆ ನಾಲ್ಕಕ್ಕಿಂತ ಹೆಚ್ಚು ಮೊಟ್ಟೆ ಇಡುವುದಿಲ್ಲ. ದೇಹಕ್ಕೆ ಹೋಲಿಸಿದರೆ ದೊಡ್ಡದಾದ ಈ ಮೊಟ್ಟೆಗಳು ಹೊಟ್ಟೆಯಡಿ ಹಿಡಿಸುವ ಪ್ರಮಾಣವೂ ಅದಕ್ಕೆ ಒಂದು ಕಾರಣವೆಂದು ವಿವರಿಸುತ್ತಾರೆ.

ಇಂಥ ಗೂಡುಗಳಲ್ಲಿ ಎಷ್ಟು ಯಶಸ್ವಿಯಾದವು ಎಂದು ಹೇಳುವಾಗ ನಮ್ಮಂಥ ಕಲಿಯುವವರು ಮಾಡುವ ಸಾಮಾನ್ಯ ತಪ್ಪೊಂದಿದೆ. ಹತ್ತು ಗೂಡು ನೋಡಿದೆವು, ಆರರಲ್ಲಿ ಮರಿ ಹೊರಬಂತು, ಆದ್ದರಿಂದ ಯಶಸ್ಸು ಶೇ. 60 ಎಂದು ಬರೆದುಬಿಡುತ್ತೇವೆ. ಆದರೆ ಮೊಟ್ಟೆಯಿಟ್ಟ ಎರಡನೇ ದಿನವೇ ಮುಂಗುಸಿಯ ಪಾಲಾದ ಗೂಡು ನಮ್ಮ ಕಣ್ಣಿಗೆ ಬಿದ್ದಿರುವುದೇ ಇಲ್ಲ, ಕಂಡವು ಹೆಚ್ಚಾಗಿ ಆಗಲೇ ಅರ್ಧ ದಾರಿ ದಾಟಿದವು. ಈ ಕೊರತೆಯನ್ನು ತುಂಬಲು ಅಮೆರಿಕದ ಪಕ್ಷಿ ಅಧ್ಯಯನಕಾರ ಹೆರಾಲ್ಡ್ ಮೇಫೀಲ್ಡ್ 1961ರಲ್ಲಿ ಗೂಡುಗಳ ಬದಲು ಗೂಡು-ದಿನಗಳನ್ನು (ಒಂದು ಗೂಡನ್ನು ಒಂದು ದಿನ ಗಮನಿಸಿದರೆ ಒಂದು ಗೂಡು-ದಿನ) ಎಣಿಸುವ ವಿಧಾನವನ್ನು ಮುಂದಿಟ್ಟರು. ಕಲ್ಪಿತ ಲೆಕ್ಕವೊಂದನ್ನು ಮಾಡಿ ನೋಡಿ: ಅದೇ ಹತ್ತು ಗೂಡುಗಳನ್ನು ನಾವು ಒಟ್ಟು 100 ಗೂಡು-ದಿನ ಗಮನಿಸಿದ್ದು, ನಾಲ್ಕು ನಾಶವಾಗಿದ್ದರೆ, ದಿನವೊಂದಕ್ಕೆ ಗೂಡು ಉಳಿಯುವ ಪ್ರಮಾಣ 0.96. ಟಿಟ್ಟಿಭದ ಕಾವು ಸುಮಾರು 28 ದಿನವಾದ್ದರಿಂದ 28 ಸಲ 0.96ನ್ನು ಬರೆದು ಒಂದಕ್ಕೊಂದು ಗುಣಿಸಬೇಕು. ಬರುವ ಉತ್ತರ ಸುಮಾರು 0.32, ಅಂದರೆ ಶೇ. 60 ಎಂದುಕೊಂಡದ್ದು ನಿಜಕ್ಕೂ ಶೇ. 32. ಕಾವಿನ ಅವಧಿಯುದ್ದಕ್ಕೂ ಅಪಾಯ ದಿನದಿನವೂ ಒಂದೇ ಸಮ ಎಂಬ ಊಹೆ ಇದರ ಹಿಂದಿದೆ ಎಂಬುದನ್ನು ಪರೀಕ್ಷೆಯಲ್ಲಿ ಬರೆಯಲು ಮರೆಯಬೇಡಿ, ಅಂಕ ಹೋಗುವುದು ಅಲ್ಲೇ.

ಇಷ್ಟಾದರೂ ಅದು ಮೊಟ್ಟೆಯೊಡೆಯುವವರೆಗಿನ ಲೆಕ್ಕ ಮಾತ್ರ. ಟಿಟ್ಟಿಭದ ಮರಿ ಹುಟ್ಟುವಾಗಲೇ ಮೈತುಂಬ ತುಪ್ಪುಳ ಹೊತ್ತು, ಕಣ್ಣು ತೆರೆದು, ಕೆಲವೇ ಗಂಟೆಗಳಲ್ಲಿ ಗೂಡು ಬಿಟ್ಟು ನಡೆಯುತ್ತದೆ. ಆದರೆ ರೆಕ್ಕೆ ಬಲಿತು ಹಾರಲು ಒಂದು ತಿಂಗಳಿಗೂ ಮೇಲೆ ಬೇಕು, ಆ ಅವಧಿಯಲ್ಲಿ ಕಾಗೆ, ನಾಯಿ, ಹದ್ದುಗಳಿಂದ ಆಗುವ ನಷ್ಟ ಗೂಡಿನ ಪುಸ್ತಕದಲ್ಲಿ ದಾಖಲಾಗುವುದೇ ಇಲ್ಲ. ಆದ್ದರಿಂದ ಒಂದು ಜೋಡಿಗೆ ಎಷ್ಟು ಮರಿ ಹಾರಿದವು ಎಂಬುದನ್ನೇ ಕೊನೆಯ ಅಳತೆಯಾಗಿ ಹಿಡಿಯುವುದು ಸರಿ ಎಂದು ನನ್ನ ಅಭಿಪ್ರಾಯ.

ಎರಡನೇ ಪ್ರಶ್ನೆಯ ಕೀಲಿ ಇಲ್ಲೇ ಇದೆ. ಮರಿ ತಾನೇ ಹುಳ ಹೆಕ್ಕಿ ತಿನ್ನುವುದಾದರೆ ತಂದೆ ತಾಯಿಗೆ ಉಳಿಯುವ ಕೆಲಸವೆಂದರೆ ಕಾವಲು ಮತ್ತು ಬೆಚ್ಚಗಿಡುವುದು, ಅದನ್ನು ಒಬ್ಬರೇ ನಿಭಾಯಿಸಬಹುದು. ಹಾಗೆ ಬಿಡುವಾದ ಇನ್ನೊಬ್ಬರು ಏನು ಮಾಡುತ್ತಾರೆ ಎಂಬುದರ ಮೇಲೆ ಪದ್ಧತಿಗಳು ಕವಲೊಡೆಯುತ್ತವೆ. ದೇವನಕ್ಕಿಯಲ್ಲಿ ಹೆಣ್ಣು ಗಾತ್ರದಲ್ಲಿ ದೊಡ್ಡದು. ಅದು ಮೊಟ್ಟೆಯಿಟ್ಟು ಮತ್ತೊಂದು ಗಂಡಿನ ಕಡೆ ಹೋಗುತ್ತದೆ, ಕಾವು ಕೂರುವುದೂ ಮರಿಗಳನ್ನು ರೆಕ್ಕೆಯಡಿ ಹೊತ್ತು ಎಲೆಯಿಂದ ಎಲೆಗೆ ದಾಟಿಸುವುದೂ ಗಂಡಿನ ಪಾಲು. ಜವುಗಿನ ಹಕ್ಕಿ ಪೇಂಟೆಡ್ ಸ್ನೈಪ್‌ನದೂ ಇದೇ ರೀತಿ. ಚಳಿಗಾಲದಲ್ಲಿ ಕೆಸರಂಚಿಗೆ ಬರುವ ಟೆಮ್ಮಿಂಕ್ಸ್ ಸ್ಟಿಂಟ್ ಎಂಬ ಪುಟ್ಟ ವಲಸೆ ಹಕ್ಕಿ ಉತ್ತರದ ತಂಪು ಬಯಲಿನಲ್ಲಿ ಇನ್ನೂ ಸೊಗಸಾದ ಒಪ್ಪಂದ ಮಾಡಿಕೊಳ್ಳುತ್ತದೆ: ಹೆಣ್ಣು ಮೊದಲ ಗೂಡನ್ನು ಗಂಡಿಗೊಪ್ಪಿಸಿ, ಎರಡನೆಯದನ್ನು ಬೇರೆ ಕಡೆ ಇಟ್ಟು ತಾನೇ ಕಾವು ಕೂರುತ್ತದೆ.

ಟಿಟ್ಟಿಭದ ಮರಿಯೂ ತಾನೇ ತಿನ್ನುತ್ತದಲ್ಲ, ಮತ್ತೆ ಇಬ್ಬರೂ ಏಕೆ ಉಳಿಯುತ್ತಾರೆ? ನಮ್ಮ ಏಪ್ರಿಲ್-ಮೇ ಬಿಸಿಲನ್ನು ನೆನೆದರೆ ಅರ್ಧ ಉತ್ತರ ಸಿಗುತ್ತದೆ. ನೆರಳಿಲ್ಲದ ನೆಲದಲ್ಲಿ ಮೊಟ್ಟೆಯನ್ನು ಬಿಟ್ಟು ಹೋದರೆ ಅದು ಕಾವಾಗುವುದಿಲ್ಲ, ಬೇಯುತ್ತದೆ. ಒಂದು ಹಕ್ಕಿ ನೆರಳಾಗಿ ನಿಂತರೆ ಇನ್ನೊಂದು ಮೇದು ಬರುತ್ತದೆ, ಕೆರೆಯಲ್ಲಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಸುವುದೂ ಉಂಟು. ಉಳಿದರ್ಧ ಶತ್ರುಗಳ ವಿಷಯ: ನಾಯಿಯನ್ನು ಒಬ್ಬರು ಕುಂಟುವಂತೆ ನಟಿಸಿ ದೂರ ಸೆಳೆದರೆ, ಮರಿಗಳ ಬಳಿ ಇನ್ನೊಬ್ಬರಿರಬೇಕು.

ರೀವ ಹಕ್ಕಿಯ ಲೆಕ್ಕವೇ ಬೇರೆ. ಅದರ ಮರಿಗೆ ಮೀನು ತಂದು ತಿನ್ನಿಸಲೇಬೇಕಾದ್ದರಿಂದ ಇಬ್ಬರೂ ಬೇಕು. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ಬೇಸಿಗೆಯ ನೀರಿಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ಇವು ದೊಡ್ಡ ಗುಂಪಾಗಿ ಮೊಟ್ಟೆಯಿಡುತ್ತವೆ. ನೀರು ಬೇಗ ಏರಿದರೆ ಗೂಡು ಮುಳುಗುತ್ತದೆ, ತೀರಾ ಇಳಿದರೆ ನಡುಗಡ್ಡೆ ದಡಕ್ಕೆ ಸೇರಿ ನಾಯಿ ನರಿಗಳಿಗೆ ದಾರಿಯಾಗುತ್ತದೆ. ಮೊಟ್ಟೆ ಕೊಚ್ಚಿಕೊಂಡು ಹೋದ ಕಡಲಿನೊಡನೆ ಟಿಟ್ಟಿಭ ದಂಪತಿ ಜಗಳಕ್ಕಿಳಿದ ಹಳೆಯ ಕಥೆ ನಿಜವಾಗಿ ಒಪ್ಪುವುದು ಈ ಹಕ್ಕಿಗೆ ಎನಿಸುತ್ತದೆ.

ಹಳೇಬೀಡಿನ ಆ ಗೂಡು ಟ್ರ್ಯಾಕ್ಟರಿಗೆ ಸಿಕ್ಕಿತು. ಯಜಮಾನರು ಸುತ್ತ ನಾಲ್ಕು ಕಡ್ಡಿ ನೆಟ್ಟಿದ್ದರು, ಬಾಡಿಗೆಗೆ ಬಂದ ಚಾಲಕನಿಗೆ ಅದು ತಿಳಿದಿರಲಿಲ್ಲ. ಕೆಲವು ವಾರಗಳ ನಂತರ ಪಕ್ಕದ ಬೀಳಿನಲ್ಲಿ ಮತ್ತೊಂದು ಗೂಡು ಕಂಡಿತು. ಮೊಟ್ಟೆ ಕಳೆದುಕೊಂಡ ಟಿಟ್ಟಿಭ ಮತ್ತೆ ಇಡುವುದುಂಟು. ಆದರೆ ಕಾಲಿಗೆ ಬಳೆ ಹಾಕದ ಹಕ್ಕಿಗಳಲ್ಲಿ ಇದು ಅದೇ ಜೋಡಿಯೆಂದು ಹೇಳಲಾಗದ್ದರಿಂದ, ಪುಸ್ತಕದಲ್ಲಿ ಅದನ್ನು ಬೇರೆ ಗೂಡೆಂದೇ ಬರೆದುಕೊಂಡೆ.