ನೂರರವರೆಗೆ ಹೇಳುವ ಮಗು ಮೂರು ಮಣಿ ಏಕೆ ಕೊಡಲಾರದು?

ಶಾಲಾಪೂರ್ವ ತರಗತಿಗೆ ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಯರು ಹೆಮ್ಮೆಯಿಂದ ಹೇಳುವ ಮಾತೊಂದಿದೆ: "ನೂರರವರೆಗೆ ಹೇಳುತ್ತಾಳೆ, ಕೇಳಿ ನೋಡಿ." ನಾನು ಕೇಳುತ್ತೇನೆ. ಮಗು ಒಂದೇ ಉಸಿರಿಗೆ ಒಪ್ಪಿಸಿಯೂ ಬಿಡುತ್ತದೆ. ಆಮೇಲೆ ಮಣಿ ತುಂಬಿದ ಬಟ್ಟಲನ್ನು ಅದರ ಮುಂದಿಟ್ಟು "ನನಗೆ ಮೂರು ಮಣಿ ಕೊಡು" ಎನ್ನುತ್ತೇನೆ. ಮೂರು, ಮೂರೂವರೆ ವರ್ಷದ ಬಹಳಷ್ಟು ಮಕ್ಕಳು ಬಟ್ಟಲಿಗೆ ಕೈಹಾಕಿ, ಹಿಡಿಗೆ ಸಿಕ್ಕಷ್ಟನ್ನು ನನ್ನ ಅಂಗೈಗೆ ಸುರಿಯುತ್ತಾರೆ. ಪಕ್ಕದಲ್ಲಿ ಕುಳಿತ ತಾಯಿಯ ಮುಖ ಸಪ್ಪಗಾಗುತ್ತದೆ. ಸಪ್ಪಗಾಗಲು ಕಾರಣವೇನೂ ಇಲ್ಲ. ಮಗು ಆ ವಯಸ್ಸಿನಲ್ಲಿ ಇರಬೇಕಾದ ಕಡೆಯೇ ಇದೆ. ನೂರರ ಲೆಕ್ಕ ಮಾತ್ರ ನಮ್ಮನ್ನು ದಾರಿ ತಪ್ಪಿಸಿದೆ.

ಸಂಖ್ಯೆಗಳನ್ನು ಸಾಲಾಗಿ ಹೇಳುವುದು ಬಾಯಿಪಾಠ. ಅದಕ್ಕೂ ಬೆಲೆಯಿದೆ, ಏಕೆಂದರೆ ಪದಗಳ ಕ್ರಮ ನಾಲಗೆಗೆ ಹತ್ತದೆ ಎಣಿಕೆ ಸಾಗುವುದಿಲ್ಲ. ಆದರೆ ಎಣಿಕೆ ಅಷ್ಟಕ್ಕೇ ಮುಗಿಯುವುದಿಲ್ಲ. ಮಕ್ಕಳ ಎಣಿಕೆಯ ಹಿಂದಿರುವ ಐದು ತತ್ವಗಳನ್ನು ಮನೋವಿಜ್ಞಾನಿಗಳಾದ ರೋಶೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ 1978ರಲ್ಲಿ ಬಿಡಿಸಿ ಹೇಳಿದರು. ಪದಗಳನ್ನು ಪ್ರತಿ ಸಲವೂ ಒಂದೇ ಕ್ರಮದಲ್ಲಿ ಹೇಳಬೇಕು. ಒಂದು ವಸ್ತುವಿಗೆ ಒಂದೇ ಪದ ಸಲ್ಲಬೇಕು. ಕೊನೆಗೆ ಹೇಳಿದ ಪದವೇ ಒಟ್ಟು ಎಷ್ಟೆಂಬುದಕ್ಕೆ ಉತ್ತರ. ಎಣಿಸುವುದು ಮಣಿಯಾದರೂ ಚಪ್ಪಾಳೆಯಾದರೂ ನಿಯಮ ಬದಲಾಗದು. ಯಾವ ತುದಿಯಿಂದ ಎಣಿಸಿದರೂ ಮೊತ್ತ ಅದೇ. ದೊಡ್ಡವರಿಗೆ ಇದರಲ್ಲಿ ಹೇಳಲು ಏನಿದೆ ಎನಿಸಬಹುದು. ಮಗುವಿಗೆ ಇವುಗಳಲ್ಲಿ ಒಂದೊಂದೂ ಬೇರೆಯೇ ಕಲಿಕೆ, ಅದರಲ್ಲೂ ಮೂರನೆಯದು ಬೆಟ್ಟದಷ್ಟು ದೊಡ್ಡದು.

ನಾಲ್ಕು ಗುಂಡಿಗಳನ್ನು ಸಾಲಾಗಿಟ್ಟು ಎಷ್ಟಿವೆ ಎಂದು ಕೇಳಿ. ಮಗು ಬೆರಳಿಟ್ಟು "ಒಂದು, ಎರಡು, ಮೂರು, ನಾಲ್ಕು" ಎನ್ನುತ್ತದೆ. "ಹಾಗಾದರೆ ಒಟ್ಟು ಎಷ್ಟು?" ಎಂದರೆ ಮತ್ತೆ ಮೊದಲಿನಿಂದ ಎಣಿಸುತ್ತದೆ. ಮೂರನೆಯ ಸಲ ಕೇಳಿದರೂ ಅಷ್ಟೇ, ಕೊಂಚ ಬೇಸರದಿಂದ. ಅದರ ಮಟ್ಟಿಗೆ "ಎಷ್ಟು" ಎಂದರೆ "ಎಣಿಸುವ ಆಟ ಆಡು" ಎಂದಷ್ಟೇ ಅರ್ಥ. ಮಕ್ಕಳಿಂದ ಇಂತಿಷ್ಟು ವಸ್ತು ಕೊಡಿಸಿ ನೋಡುವ ಪರೀಕ್ಷೆಯನ್ನು ಸಂಶೋಧಕಿ ಕ್ಯಾರೆನ್ ವಿನ್ 1990ರ ಹೊತ್ತಿಗೆ ವ್ಯವಸ್ಥಿತವಾಗಿ ನಡೆಸಿದರು. ಮಕ್ಕಳು ಮೊದಲು ಒಂದನ್ನು ಮಾತ್ರ ಸರಿಯಾಗಿ ಕೊಡುತ್ತಾರೆ, ಕೆಲವು ತಿಂಗಳ ಮೇಲೆ ಎರಡನ್ನು, ಇನ್ನೂ ಕೆಲವು ತಿಂಗಳಿಗೆ ಮೂರನ್ನು. ಅಲ್ಲಿಂದ ಮುಂದೆ ಎಣಿಕೆಯ ಗುಟ್ಟು ಹೊಳೆದವರಂತೆ ಐದು, ಆರು, ಏಳನ್ನೂ ಕೊಡತೊಡಗುತ್ತಾರೆ. ಈ ಪಯಣಕ್ಕೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಆ ವರ್ಷವನ್ನು ನಾವು ಐವತ್ತು, ಅರವತ್ತು, ನೂರು ಎಂದು ಉರು ಹೊಡೆಸುವುದರಲ್ಲಿ ಕಳೆಯುತ್ತೇವೆ ಎಂಬುದೇ ನನ್ನ ತಕರಾರು. ಮೂರು ಮತ್ತು ನಾಲ್ಕು ವರ್ಷದ ಮಕ್ಕಳ ಜೊತೆ ನಾನು ಆಡುವ ಬಹುಪಾಲು ಆಟಗಳು ಐದನ್ನು ದಾಟುವುದಿಲ್ಲ.

ಆ ಆಟಗಳಲ್ಲಿ ನನಗೆ ತೀರಾ ಪ್ರಿಯವಾದುದು ತಪ್ಪು ಎಣಿಸುವ ಗೊಂಬೆಯದು. ಕೈಗೆ ಹಾಕಿಕೊಳ್ಳುವ ಗೊಂಬೆಯೇ ಬೇಕೆಂದಿಲ್ಲ, ಹಳೆಯ ಕಾಲುಚೀಲಕ್ಕೆ ಎರಡು ಕಣ್ಣು ಬರೆದರೂ ಆಯಿತು. "ಇದಕ್ಕೆ ಈಗಷ್ಟೇ ಎಣಿಸಲು ಬರುತ್ತಿದೆ. ತಪ್ಪಿದರೆ ನೀನು ಹೇಳಿಕೊಡಬೇಕು" ಎಂದು ಮಗುವನ್ನು ಗುರುವಿನ ಸ್ಥಾನದಲ್ಲಿ ಕೂರಿಸಿ. ಗೊಂಬೆ ಒಮ್ಮೆ ಒಂದು ಗುಂಡಿಯನ್ನು ಹಾರಿಸಲಿ, ಇನ್ನೊಮ್ಮೆ ಒಂದೇ ಗುಂಡಿಯನ್ನು ಎರಡು ಸಲ ಮುಟ್ಟಲಿ, ಮತ್ತೊಮ್ಮೆ "ಎರಡು, ನಾಲ್ಕು, ಮೂರು" ಎನ್ನಲಿ. ನಡುನಡುವೆ ಸರಿಯಾಗಿಯೂ ಎಣಿಸಬೇಕು, ಇಲ್ಲವಾದರೆ ಮಗು ಕೇಳಿಸಿಕೊಳ್ಳದೆಯೇ "ತಪ್ಪು, ತಪ್ಪು" ಎಂದು ಕೂಗುವ ಆಟಕ್ಕೆ ಇಳಿಯುತ್ತದೆ. ತಾನೇ ಎಣಿಸುವಾಗ ಎಡವುವ ಮಗು ಗೊಂಬೆಯ ತಪ್ಪನ್ನು ಥಟ್ಟನೆ ಹಿಡಿಯುವುದು ಅಪರೂಪವಲ್ಲ. ಬೆರಳು, ಕಣ್ಣು, ನಾಲಗೆ ಮೂರನ್ನೂ ಒಟ್ಟಿಗೆ ನಡೆಸುವ ಹೊರೆ ಆಗ ಅದರ ಮೇಲಿರುವುದಿಲ್ಲ.

ಮಗು ಹಿಡಿಯದೆ ಬಿಟ್ಟ ತಪ್ಪು ನನಗೆ ಇನ್ನೂ ಹೆಚ್ಚಿನದನ್ನು ತಿಳಿಸುತ್ತದೆ. ಗೊಂಬೆ ಐದು ಗುಂಡಿಗಳನ್ನು ಸರಿಯಾಗಿ ಎಣಿಸಿ, ಕೊನೆಗೆ "ಒಟ್ಟು ಮೂರು" ಎಂದಾಗ ಮಗು ತಲೆಯಾಡಿಸಿದರೆ, ಕೊನೆಯ ಪದಕ್ಕೂ ಮೊತ್ತಕ್ಕೂ ಇರುವ ನಂಟು ಇನ್ನೂ ಕೂಡಿಬಂದಿಲ್ಲ ಎಂದು ತಿಳಿಯುತ್ತೇನೆ. ಗೊಂಬೆ ಸಾಲಿನ ನಡುವಿನಿಂದ ಶುರುಮಾಡಿ, ಯಾವುದನ್ನೂ ಬಿಡದೆ ಎಣಿಸಿದರೂ ನಾಲ್ಕು ವರ್ಷದ ಹಲವರು "ಹಾಗೆ ಎಣಿಸಬಾರದು" ಎಂದು ಗದರಿಸುತ್ತಾರೆ. ಎಡತುದಿಯಿಂದ ಎಣಿಸುವ ನಮ್ಮ ರೂಢಿಯನ್ನೇ ಅವರು ನಿಯಮವೆಂದು ತಿಳಿದಿರುತ್ತಾರೆ. ಅಲ್ಲಿ ವಾದಕ್ಕಿಳಿಯಬೇಡಿ. "ಈ ಕಡೆಯಿಂದ ಎಣಿಸಿದರೆ ಎಷ್ಟು ಬರುತ್ತದೋ ನೋಡೋಣ, ಆ ಕಡೆಯಿಂದ?" ಎಂದು ಇಬ್ಬರೂ ಎಣಿಸಿ. ಎರಡು ಸಲವೂ ಐದೇ ಬಂದಾಗ ಕೆಲವು ಮಕ್ಕಳ ಮುಖದಲ್ಲಿ ಮೂಡುವ ಅನುಮಾನ ನೋಡುವಂತಿರುತ್ತದೆ. ನಾನೇನೋ ಕೈಚಳಕ ಮಾಡಿದೆನೆಂದೇ ಅವರ ನಂಬಿಕೆ.

ಎಣಿಸಲು ಕೊಡುವ ವಸ್ತುಗಳ ವಿಷಯದಲ್ಲೂ ಒಂದು ಕ್ರಮವಿದೆ. ಮೊದಲು ಕೈಯಿಂದ ಸರಿಸಬಹುದಾದವು. ಎಣಿಸಿದ್ದನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹಾಕುತ್ತ ಹೋದರೆ ಯಾವುದು ಮುಗಿಯಿತು, ಯಾವುದು ಉಳಿಯಿತು ಎಂಬ ಗೊಂದಲವಿಲ್ಲ. ಆಮೇಲೆ ಸಾಲಾಗಿ ಜೋಡಿಸಿದವು, ಆಮೇಲೆ ಚದುರಿದವು, ಕಡೆಗೆ ಪುಸ್ತಕದ ಚಿತ್ರಗಳು. ಅಲುಗಿಸಲಾಗದ ಚಿತ್ರವನ್ನು ಎಣಿಸುವುದೇ ಇವುಗಳಲ್ಲಿ ಕಷ್ಟದ ಕೆಲಸ, ವಿಚಿತ್ರವೆಂದರೆ ನಾವು ಶುರುಮಾಡುವುದು ಅಲ್ಲಿಂದಲೇ. ಮೂರು ವರ್ಷದೊಳಗಿನ ಮಕ್ಕಳಿಗೆ ಗುಂಡಿ, ಮಣಿ, ಕಾಳುಗಳನ್ನು ಕೊಡಬೇಡಿ. ಬಾಯಿಗೆ, ಮೂಗಿಗೆ ಹೋಗದಷ್ಟು ದೊಡ್ಡ ವಸ್ತುಗಳಿರಲಿ.

ಇನ್ನು ಎಣಿಸದೆಯೇ ತಿಳಿಯುವ ಸಂಖ್ಯೆಗಳು. ಮೂರರವರೆಗಿನ ಗುಂಪನ್ನು ನಾವೆಲ್ಲರೂ ನೋಟದಲ್ಲೇ ಗುರುತಿಸುತ್ತೇವೆ, ದೊಡ್ಡವರು ನಾಲ್ಕನ್ನೂ ಗುರುತಿಸುತ್ತಾರೆ. ದಾಳದ ಮೇಲಿನ ಐದು ಚುಕ್ಕೆಗಳನ್ನು ಯಾರೂ ಎಣಿಸುವುದಿಲ್ಲವಲ್ಲ, ಅದು ವಿನ್ಯಾಸದ ನೆನಪು. ಚುಕ್ಕೆಯ ಕಾರ್ಡುಗಳನ್ನು ಕ್ಷಣ ಮಾತ್ರ ತೋರಿಸಿ ಮುಚ್ಚಿ "ಎಷ್ಟು ಕಂಡವು?" ಎನ್ನುವ ಆಟ ಇದಕ್ಕೇ ಇರುವುದು. ಒಂದೇ ಸಂಖ್ಯೆಯನ್ನು ಬೇರೆ ಬೇರೆ ವಿನ್ಯಾಸದಲ್ಲಿ ತೋರಿಸಬೇಕು. ನಾಲ್ಕು ಎಂದರೆ ಚೌಕದ ನಾಲ್ಕು ಮೂಲೆ ಎಂದಷ್ಟೇ ಮಗು ಕಲಿಯಬಾರದು. ಮೂರೂ ಒಂದೂ ನಾಲ್ಕು, ಎರಡೂ ಎರಡೂ ನಾಲ್ಕು ಎಂಬುದು ಹೀಗೆ ಕಣ್ಣಿಗೆ ಬಿದ್ದರೆ, ಕೂಡುವ ಲೆಕ್ಕದ ಹೆಸರೆತ್ತದೆಯೇ ಅದರ ಬುನಾದಿ ಬೀಳುತ್ತದೆ. ಮನೆಯಲ್ಲೂ "ಅಗೋ, ಮೂರು ಹಕ್ಕಿ" ಎಂದು ಮೊದಲು ಮೊತ್ತ ಹೇಳಿ, ಆಮೇಲೆ "ಒಂದು, ಎರಡು, ಮೂರು" ಎಂದು ಎಣಿಸಿ ತೋರಿಸಿ. ಮೊತ್ತವೂ ಎಣಿಕೆಯೂ ಅಕ್ಕಪಕ್ಕದಲ್ಲಿ ಕೇಳಿಸಿದಾಗ ಕೊನೆಯ ಪದದ ಅರ್ಥ ಮಗುವಿಗೆ ಬೇಗ ಹತ್ತುತ್ತದೆ.

ಇಲ್ಲೊಂದು ಎಚ್ಚರಿಕೆ. ಎರಡು ಸಾಲುಗಳಲ್ಲಿ ಆರಾರು ಗುಂಡಿಗಳನ್ನಿಟ್ಟು, ಒಂದು ಸಾಲನ್ನು ಮಗುವಿನ ಎದುರೇ ಅಗಲಕ್ಕೆ ಹರಡಿದರೆ, ಐದು ವರ್ಷದ ಮಗು "ಇದರಲ್ಲೇ ಹೆಚ್ಚು" ಎಂದು ಉದ್ದದ ಸಾಲನ್ನು ತೋರಿಸುವ ಸಾಧ್ಯತೆ ಹೆಚ್ಚು. ಮನೋವಿಜ್ಞಾನಿ ಜಾನ್ ಪಿಯಾಜೆ ತೋರಿಸಿಕೊಟ್ಟ ಈ ಪ್ರಯೋಗವನ್ನು ಓದಿದ ತಂದೆತಾಯಿಯರು ಮನೆಯಲ್ಲಿ ಮಾಡಿ ನೋಡಿ ಗಾಬರಿಯಾಗುತ್ತಾರೆ. ಆರೇಳು ವರ್ಷದ ಹೊತ್ತಿಗೆ ಅದು ತಾನಾಗಿ ಸರಿಹೋಗುತ್ತದೆ. ತಿದ್ದಿ ಹೇಳಿಕೊಟ್ಟು ಆತುರಪಡಿಸುವ ಅಗತ್ಯವಿಲ್ಲ.

ಹೆಚ್ಚು ಖರ್ಚಿಲ್ಲದೆ ಹೆಚ್ಚು ಫಲ ಕೊಡುವ ಆಟ ಯಾವುದು ಎಂದು ಕೇಳಿದರೆ ನಾನು ಹತ್ತು ಮನೆಗಳ ಪಟ್ಟಿ ಎನ್ನುತ್ತೇನೆ. ಉದ್ದನೆಯ ರಟ್ಟಿನ ಮೇಲೆ ಎಡದಿಂದ ಬಲಕ್ಕೆ ಒಂದೇ ಅಳತೆಯ ಹತ್ತು ಚೌಕ ಬರೆದು, 1ರಿಂದ 10ರವರೆಗೆ ಅಂಕಿ ಹಾಕಿ. ಇಬ್ಬರಿಗೆ ಎರಡು ಕಾಯಿ. ದಾಳದ ಬದಲು 1 ಮತ್ತು 2 ಮಾತ್ರ ಬರೆದ ತಿರುಗುಮುಳ್ಳು, ಇಲ್ಲವೇ ಒಂದು ಬದಿಗೆ ಒಂದು ಚುಕ್ಕೆ, ಇನ್ನೊಂದು ಬದಿಗೆ ಎರಡು ಚುಕ್ಕೆ ಹಾಕಿದ ಬಿಲ್ಲೆ. ಅಮೆರಿಕದ ಸಂಶೋಧಕರಾದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಬಡ ಕುಟುಂಬಗಳ ನಾಲ್ಕೈದು ವರ್ಷದ ಮಕ್ಕಳು ಇಂಥ ಪಟ್ಟಿಯ ಮೇಲೆ ಎರಡು ವಾರಗಳಲ್ಲಿ ನಾಲ್ಕು ಸಲ, ಸಲಕ್ಕೆ ಸುಮಾರು ಕಾಲು ಗಂಟೆ ಆಡಿದ್ದರು. ಯಾವ ಸಂಖ್ಯೆ ಎಷ್ಟು ದೊಡ್ಡದು ಎಂಬ ಅವರ ಅಂದಾಜು ಗಣನೀಯವಾಗಿ ಸುಧಾರಿಸಿತು. ಅಂಕಿಗಳ ಬದಲು ಬರೀ ಬಣ್ಣಗಳಿದ್ದ ಪಟ್ಟಿಯಲ್ಲಿ ಆಡಿದ ಮಕ್ಕಳಲ್ಲಿ ಆ ಬದಲಾವಣೆ ಕಾಣಲಿಲ್ಲ. ವೃತ್ತಾಕಾರದ ಹಲಗೆಗಿಂತ ನೇರ ಸಾಲಿನದೇ ಮೇಲು ಎಂದೂ ಅವರ ಮುಂದಿನ ಕೆಲಸ ತೋರಿಸಿತು. ನೇರ ಪಟ್ಟಿಯಲ್ಲಿ ಎಂಟರ ಮನೆ ನಾಲ್ಕರ ಮನೆಗಿಂತ ಎರಡರಷ್ಟು ದೂರ. ಅಲ್ಲಿಗೆ ಹೋಗಲು ಎರಡರಷ್ಟು ಹೆಜ್ಜೆ, ಎರಡರಷ್ಟು ಪದ, ಎರಡರಷ್ಟು ಹೊತ್ತು ಬೇಕು. ಸಂಖ್ಯೆಯ ಗಾತ್ರ ಕಣ್ಣು, ಕೈ, ಕಿವಿ ಮೂರಕ್ಕೂ ಒಟ್ಟಿಗೇ ತಟ್ಟುತ್ತದೆ.

ಆಡಿಸುವಾಗ ಒಂದು ನಿಯಮ ಬಿಡಬೇಡಿ. ಕಾಯಿ 4ರಲ್ಲಿದ್ದು ಎರಡು ಬಿದ್ದರೆ ಮಗು "ಒಂದು, ಎರಡು" ಎಂದು ಸರಿಸುತ್ತದೆ, ಅದು ಸಹಜ. "ಐದು, ಆರು" ಎಂದು ಮನೆಯ ಹೆಸರನ್ನೇ ಹೇಳುತ್ತ ಸರಿಸುವಂತೆ ನೋಡಿಕೊಳ್ಳಿ. ಆಟದ ಲಾಭ ಬಹುಮಟ್ಟಿಗೆ ಇದರಲ್ಲೇ ಇದೆ. ಅಂಕಿಯತ್ತ ನೋಡದೆ ಹೇಳಲಾಗದು, ಮೊದಲಿನಿಂದ ಶುರುಮಾಡದೆ ಮುಂದಕ್ಕೆ ಎಣಿಸುವ ಅಭ್ಯಾಸವೂ ಆಗುತ್ತದೆ. ಹಾವು ಏಣಿ ಆಟ ಇದಕ್ಕೆ ಬದಲಿಯೇ ಎಂದು ಹಲವರು ಕೇಳುತ್ತಾರೆ. ದೊಡ್ಡ ಮಕ್ಕಳಿಗೆ ಆದೀತು. ಸಾಲು ಅತ್ತಿತ್ತ ತಿರುಗುವ ನೂರು ಮನೆಗಳಲ್ಲಿ ನಾಲ್ಕು ವರ್ಷದ ಮಗುವಿಗೆ ಹಾವಿನ ಬಾಯಿಯ ಹೆದರಿಕೆಯೊಂದೇ ನೆನಪುಳಿಯುತ್ತದೆ.

ಅಂಕಿಗಳ ಆಕಾರ ಗುರುತಿಸುವುದು ಇವೆಲ್ಲಕ್ಕಿಂತ ಸುಲಭ. ಕಾರ್ಡುಗಳನ್ನು ಕೋಣೆಯಲ್ಲಿ ಬಚ್ಚಿಟ್ಟು ಹುಡುಕಿಸಿ, ಆಟಿಕೆ ಕಾರುಗಳಿಗೆ ಸಂಖ್ಯೆ ಅಂಟಿಸಿ ಅದೇ ಸಂಖ್ಯೆಯ ಮನೆಯಲ್ಲಿ ನಿಲ್ಲಿಸಲು ಹೇಳಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕೂಗಿದ ಅಂಕಿಯ ಮೇಲೆ ಜಿಗಿಸಿ. ಕಾರ್ಡಿನಲ್ಲಿ ಅಂಕಿಯ ಜೊತೆಗೆ ಅಷ್ಟೇ ಚುಕ್ಕೆಗಳಿರಲಿ, ಇಲ್ಲವಾದರೆ ಅದು ಬರೀ ಚಿತ್ರ. 6 ಮತ್ತು 9ರ ಕಾರ್ಡುಗಳ ಅಡಿಯಲ್ಲಿ ಗೆರೆ ಎಳೆಯದಿದ್ದರೆ ಮಗುವಿನದು ತಪ್ಪೋ ಕಾರ್ಡಿನದೋ ಎಂದು ನಿಮಗೇ ತಿಳಿಯದು. ಕನ್ನಡ ಅಂಕಿಗಳನ್ನೂ ಕಲಿಸುವ ಮನೆಗಳಲ್ಲಿ ೬ ಮತ್ತು ೯, ೦ ಮತ್ತು ೧ ಹೀಗೆಯೇ ಕಾಡುತ್ತವೆ. ಎರಡು ಬಗೆಯ ಅಂಕಿಗಳನ್ನು ಒಂದೇ ವಾರದಲ್ಲಿ ಶುರುಮಾಡುವುದು ನನಗೆ ಒಪ್ಪಿಗೆಯಿಲ್ಲ. ಒಂದು ಬಗೆ ಕೈಹತ್ತಿದ ಮೇಲೆ ಇನ್ನೊಂದು ಬರಲಿ. 3 ಅಥವಾ 7 ಅನ್ನು ತಿರುಗುಮುರುಗಾಗಿ ಬರೆಯುವುದು ಆರೇಳು ವರ್ಷದವರೆಗೂ ಸಾಮಾನ್ಯ. ಕಲಿಕೆಯ ತೊಂದರೆಯೆಂದು ಅದೊಂದರಿಂದಲೇ ಹೆಸರಿಡಬೇಡಿ. ಪೆನ್ಸಿಲ್ ಹಿಡಿಯುವ ಬೆರಳುಗಳು ಗಟ್ಟಿಯಾಗುವವರೆಗೆ ಮರಳು, ಹಿಟ್ಟು, ಒದ್ದೆ ಕುಂಚ ಸಾಕು.

ಹತ್ತು ದಾಟಿದ ಮೇಲೆ ಕನ್ನಡದ ಮಕ್ಕಳಿಗೆ ಒಂದು ಅನುಕೂಲವಿದೆ. ಹದಿಮೂರು, ಹದಿನಾಲ್ಕು, ಇಪ್ಪತ್ತೊಂದು ಎನ್ನುವಾಗ ಹತ್ತು ಮುಂದೆ, ಬಿಡಿ ಹಿಂದೆ, ಬರೆಯುವ ಕ್ರಮವೂ ಅದೇ. ಎಡವುವುದು ಒಂಬತ್ತರ ಬಳಿ. ಇಪ್ಪತ್ತೊಂಬತ್ತಾದ ಮೇಲೆ "ಇಪ್ಪತ್ತಹತ್ತು" ಎನ್ನುವ ಮಗುವಿಗೆ ಬೈಯುವುದು ಅನ್ಯಾಯ, ಅದು ನಿಯಮವನ್ನು ಹಿಡಿದು ಮುಂದೆ ಹೋಗಿದೆ. ಇಪ್ಪತ್ತೆಂಟರಿಂದ ಮೂವತ್ತೆರಡರವರೆಗೆ ಮಾತ್ರ ಮೆಟ್ಟಿಲು ಹತ್ತಿಳಿಯುತ್ತ ಹೇಳುವ ಆಟ ಕೆಲವು ದಿನ ಆಡಿಸಿದರೆ ಆ ತಿರುವು ದಾಟುತ್ತದೆ.

ದಿನಕ್ಕೆ ಎಷ್ಟು ಹೊತ್ತು? ಹತ್ತು ನಿಮಿಷ, ಮಗು ಇನ್ನೂ ಬೇಕು ಎನ್ನುವಾಗಲೇ ನಿಲ್ಲಿಸಿ. ಮೊಬೈಲ್ ಆಟಗಳ ಬಗ್ಗೆ ನನ್ನ ಅಭಿಪ್ರಾಯ ಅಷ್ಟೇನೂ ಒಳ್ಳೆಯದಲ್ಲ. ಉತ್ತರ ಸರಿಯೋ ತಪ್ಪೋ ಎಂದು ಅವು ಹೇಳುತ್ತವೆ, "ನೀನು ಹೇಗೆ ಎಣಿಸಿದೆ?" ಎಂದು ಕೇಳುವುದಿಲ್ಲ. ಬಹುಮಾನ, ಗಡಿಯಾರ, ಅಕ್ಕನ ಜೊತೆ ಪೈಪೋಟಿ ಇವು ಮೂರೂ ಬೇಡ. ಆರು ವರ್ಷ ತುಂಬಿದ ಮೇಲೂ, ಹಲವು ತಿಂಗಳು ಹೀಗೆ ಆಡಿದ ನಂತರವೂ, ಐದರೊಳಗಿನ ಗುಂಪುಗಳಲ್ಲಿ ಯಾವುದು ಹೆಚ್ಚು ಎಂದು ಹೇಳಲು ಮಗು ತಡವರಿಸುತ್ತಿದ್ದರೆ ಮೊದಲು ದೃಷ್ಟಿ ಮತ್ತು ಶ್ರವಣ ಪರೀಕ್ಷೆ ಮಾಡಿಸಿ, ಆಮೇಲೆ ಮಕ್ಕಳ ಬೆಳವಣಿಗೆಯ ತಜ್ಞರನ್ನು ಕಾಣಿ. ಹೋಗುವಾಗ ಮಗು ಯಾವ ಆಟದಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ಬರೆದುಕೊಂಡು ಹೋಗಿ. "ಲೆಕ್ಕ ಬರುವುದಿಲ್ಲ" ಎಂಬ ಒಂದೇ ಸಾಲಿನ ದೂರಿನಿಂದ ಅವರಿಗೆ ಹೆಚ್ಚೇನೂ ತಿಳಿಯುವುದಿಲ್ಲ.