ಎಚ್‌ಐವಿ ತಡೆಯುವ ಮಾತ್ರೆ ತಗೊಂಡರೆ ಹಾರ್ಮೋನ್ ಕೆಲಸ ಮಾಡಲ್ವಾ?

ಓದುಗರ ಪ್ರಶ್ನೆ: ನಾನು ಟ್ರಾನ್ಸ್ ಮಹಿಳೆ. ಈಸ್ಟ್ರೋಜನ್ ತಗೊಳ್ತಿದ್ದೇನೆ. ಎಚ್‌ಐವಿ ಬಾರದ ಹಾಗೆ ಪ್ರೆಪ್ ಮಾತ್ರೆ ಶುರು ಮಾಡಬೇಕು ಅಂತಿದ್ದೇನೆ. ಅದನ್ನು ನುಂಗಿದರೆ ಹಾರ್ಮೋನ್ ಕೆಲಸ ಕೆಡುತ್ತೆ ಅಂತ ಗೆಳತಿಯರು ಹೆದರಿಸ್ತಾರೆ. ನಿಜಾನಾ?

ಕೆಡುವುದಿಲ್ಲ. ಥಾಯ್ಲೆಂಡ್‌ನಲ್ಲಿ 20 ಟ್ರಾನ್ಸ್ ಮಹಿಳೆಯರ ರಕ್ತ ಪರೀಕ್ಷೆ ಮಾಡಿ ಇದನ್ನೇ ನೋಡಿದರು. ಪ್ರೆಪ್ ಶುರುವಾದ ಮೇಲೂ ಈಸ್ಟ್ರೋಜನ್ ಮಟ್ಟ ಇಳಿಯಲಿಲ್ಲ. ಪ್ರೆಪ್‌ನಲ್ಲಿರುವ ಟೆನೊಫೊವಿರ್ ಅನ್ನುವ ಔಷಧಿ ಮಾತ್ರ ರಕ್ತದಲ್ಲಿ ಸ್ವಲ್ಪ ಕಡಿಮೆಯಾಯಿತು. ದಿನಾ ತಪ್ಪದೆ ನುಂಗಿದರೆ ರಕ್ಷಣೆಗೆ ಅದು ಸಾಕು.

ಆದರೆ ಈ ಭಯವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಹೆದರಿ ಮಾತ್ರೆ ನುಂಗದೆ ಬಿಟ್ಟರೆ ರಕ್ಷಣೆ ಸಿಗುವುದಿಲ್ಲ. ಪ್ರೆಪ್ ಕೆಲಸ ಮಾಡುತ್ತೆ ಅಂತ 2010ರಲ್ಲಿ ತೋರಿಸಿಕೊಟ್ಟ ಐಪ್ರೆಕ್ಸ್ ಅಧ್ಯಯನದಲ್ಲಿ 339 ಟ್ರಾನ್ಸ್ ಮಹಿಳೆಯರಿದ್ದರು. ಅವರಲ್ಲಿ ಔಷಧಿ ಕೊಟ್ಟ ಗುಂಪಿನ 11 ಜನರಿಗೆ ಸೋಂಕು ತಗುಲಿತು. ಔಷಧಿಯಿಲ್ಲದ ಮಾತ್ರೆ ಕೊಟ್ಟ ಗುಂಪಿನಲ್ಲಿ 10 ಜನರಿಗೆ. ಹಾಗಾದರೆ ಮಾತ್ರೆ ಸೋತಿತಾ? ಸೋಂಕು ಗೊತ್ತಾದ ದಿನ ಆ 11 ಜನರ ರಕ್ತ ನೋಡಿದರು. ಒಬ್ಬರಲ್ಲೂ ಔಷಧಿಯ ಸುಳಿವಿರಲಿಲ್ಲ. ಮಾತ್ರೆ ಕೈಗೆ ಸಿಕ್ಕಿತ್ತು, ಹೊಟ್ಟೆಗೆ ಹೋಗಿರಲಿಲ್ಲ.

ಯಾಕೆ ಹೋಗಲಿಲ್ಲ ಅನ್ನುವುದೇ ನನ್ನನ್ನು ಕಾಡುತ್ತದೆ. ನಮ್ಮ ಕಡೆ ಆಸ್ಪತ್ರೆಯಲ್ಲಿ ಆಧಾರ್ ಕಾರ್ಡಿನ ಹಳೆ ಹೆಸರನ್ನು ಜೋರಾಗಿ ಕೂಗುತ್ತಾರೆ. ಸೀರೆ ಉಟ್ಟವರು ಎದ್ದು ನಿಂತರೆ ಇಡೀ ಸಾಲು ತಿರುಗಿ ನೋಡುತ್ತದೆ. ಮುಂದಿನ ಸಲ ಅಲ್ಲಿಗೆ ಹೋಗಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಭಾರತದಲ್ಲಿ 2021ರ ಸರ್ಕಾರಿ ಅಂದಾಜಿನ ಪ್ರಕಾರ ಎಚ್‌ಐವಿ ಇರುವವರು ವಯಸ್ಕರಲ್ಲಿ ಶೇ 0.21, ಹಿಜ್ರಾ ಮತ್ತು ಟ್ರಾನ್ಸ್‌ಜೆಂಡರ್ ಸಮುದಾಯದಲ್ಲಿ ಶೇ 3.78. ಇಷ್ಟು ದೊಡ್ಡ ಅಂತರಕ್ಕೆ ಈ ಅವಮಾನವೂ ಒಂದು ಕಾರಣ.

ಬ್ಯಾಂಕಾಕ್‌ನಲ್ಲಿ 2015ರಲ್ಲಿ ಟ್ಯಾಂಜರೀನ್ ಅನ್ನುವ ಕ್ಲಿನಿಕ್ ಶುರುವಾಯಿತು. ಹಾರ್ಮೋನ್ ಸಲಹೆ, ಎಚ್‌ಐವಿ ಪರೀಕ್ಷೆ, ಪ್ರೆಪ್ ಎಲ್ಲಾ ಒಂದೇ ಕಡೆ. ಟ್ರಾನ್ಸ್ ಸಿಬ್ಬಂದಿಯೇ ಅಲ್ಲಿ ಕೆಲಸ ಮಾಡುತ್ತಾರೆ. ಹಾರ್ಮೋನ್‌ಗೆ ಅಂತ ಬಂದವರು ಪರೀಕ್ಷೆಯನ್ನೂ ಮಾಡಿಸಿಕೊಂಡು ಹೋಗಬಹುದು. ನಿಮ್ಮ ಹಾಗೆ ಪ್ರಶ್ನೆ ಇಟ್ಟುಕೊಂಡವರಿಗೆ ಉತ್ತರ ಸಿಗಬೇಕಾದದ್ದು ಇಂಥ ಜಾಗದಲ್ಲೇ. ಹೈದರಾಬಾದ್‌ನಲ್ಲಿ 2021ರಲ್ಲಿ ಶುರುವಾಗಿದ್ದ ಮಿತ್ರ್ ಕ್ಲಿನಿಕ್ ಕೂಡ ಇದೇ ದಾರಿಯಲ್ಲಿತ್ತು. 2025ರಲ್ಲಿ ಅಮೆರಿಕದ ನೆರವು ನಿಂತಾಗ ಅದೂ ಬಾಗಿಲು ಹಾಕಬೇಕಾಯಿತು. ತುಂಬಾ ಬೇಜಾರಿನ ಸಂಗತಿ.

ಈಗ ನಿಮ್ಮ ವಿಷಯ. ಶುರು ಮಾಡುವ ಮೊದಲು ಎಚ್‌ಐವಿ ಪರೀಕ್ಷೆ ಆಗಲೇಬೇಕು. ಕಿಡ್ನಿ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಲೈಂಗಿಕ ಸಂಪರ್ಕಕ್ಕೆ ಮುಂಚೆ ಎರಡು ಮಾತ್ರೆ, ಆಮೇಲೆ ಒಂದೊಂದು ಅನ್ನುವ ಲೆಕ್ಕ ಈಸ್ಟ್ರೋಜನ್ ತಗೊಳ್ಳುವವರಿಗಲ್ಲ. ನೀವು ದಿನಾ ಒಂದು ನುಂಗಬೇಕು. ಪೂರ್ತಿ ರಕ್ಷಣೆಗೆ ಮೊದಲ 7 ದಿನ ಕಾಯಬೇಕು. ಟೆಸ್ಟೋಸ್ಟೆರಾನ್ ತಗೊಳ್ಳುವ ಟ್ರಾನ್ಸ್ ಪುರುಷರಿಗೂ ನಾನ್‌ಬೈನರಿ (ತಮ್ಮನ್ನು ಗಂಡು ಅಥವಾ ಹೆಣ್ಣು ಅಂತಷ್ಟೇ ಗುರುತಿಸಿಕೊಳ್ಳದ) ಜನರಿಗೂ ದಿನಾ ಒಂದು ಅನ್ನುವ ಲೆಕ್ಕವೇ. ಸಿಫಿಲಿಸ್‌ನಂಥ ಬೇರೆ ಸೋಂಕನ್ನು ಈ ಮಾತ್ರೆ ತಡೆಯುವುದಿಲ್ಲ, ಕಾಂಡೋಮ್ ಬಿಡಬೇಡಿ.

ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ. ಹೋಗುವಾಗ ಹಾರ್ಮೋನ್ ಚೀಟಿಯನ್ನೂ ಬ್ಯಾಗಿಗೆ ಹಾಕಿಕೊಳ್ಳಿ.